ಕೆಂಪು ಫೋಲ್ಡರ್ ಮೊದಲು

ಫೋಟೊ ಫೋಲ್ಡರ್‌ಗಳಿಗೆ ಬಣ್ಣ ಕೊಡೋಣ ಅಂತ ಕೂತರೆ ಮೊದಲು ಹೊಳೆಯೋದು ಮದುವೆಗೆ ಕೆಂಪು, ಪ್ರವಾಸಕ್ಕೆ ಹಸಿರು. ನೋಡೋಕೆ ಚೆಂದ, ಆದರೆ ಹೆಸರು ಹೇಳಿದ್ದನ್ನೇ ಬಣ್ಣ ಇನ್ನೊಮ್ಮೆ ಹೇಳುತ್ತೆ, ಅಷ್ಟೆ.

ಬಸವನಗುಡಿಯ ನಮ್ಮ ಮನೇಲಿ ಬಣ್ಣ ಹೇಳೋದು ಬಾಕಿ ಇರುವ ಕೆಲಸವನ್ನ. ಹಳದಿ: ಒಂದೇ ಫೋಟೊ ನಾಲ್ಕು ಸಲ ಇದೆ, ಅಳಿಸಬೇಕು. ಹಸಿರು: ಎಲ್ಲ ಮುಗಿದಿದೆ, ಹಾರ್ಡ್ ಡಿಸ್ಕ್‌ನಲ್ಲೂ ಒಂದು ಪ್ರತಿ ಇದೆ. ಕೆಂಪು: ಮುಖಗಳಿವೆ, ಹೆಸರು ಗೊತ್ತಿಲ್ಲ, ಅಜ್ಜಿಯನ್ನ ಕೇಳಬೇಕು.

ಗೂಗಲ್ ಡ್ರೈವ್‌ನಲ್ಲಿ ಬಣ್ಣ ಹಾಕೋದು ಸುಲಭ. ಆದರೆ ಫೋಲ್ಡರ್ ಡೌನ್‌ಲೋಡ್ ಮಾಡಿದರೆ ಬಣ್ಣ ಜೊತೆಗೆ ಬರಲ್ಲ. ಅದಕ್ಕೇ ಕಾಯಂ ಮಾಹಿತಿ ಹೆಸರಿನಲ್ಲೇ ಇರಲಿ: ‘2019-11 ಕಡಲೆಕಾಯಿ ಪರಿಷೆ’. ಕಾರ್ತಿಕದ ಕೊನೇ ಸೋಮವಾರ 2019ರಲ್ಲಿ ನವೆಂಬರ್‌ಗೆ ಬಂದರೆ, 2020ರಲ್ಲಿ ಡಿಸೆಂಬರ್‌ಗೆ ಬಂತು. ಇಸವಿ, ತಿಂಗಳು ಮೊದಲಿದ್ದರೆ ಫೋಲ್ಡರ್‌ಗಳು ತಾವೇ ಸಾಲಾಗಿ ನಿಲ್ಲುತ್ತವೆ.

ಹಳದಿಯನ್ನ ಮುಂದಿನ ವರ್ಷ ಮಾಡಿದರೂ ನಡೆಯುತ್ತೆ. ಕೆಂಪು ಹಾಗಲ್ಲ. ದೊಡ್ಡ ಗಣಪತಿ ಗುಡಿ ಮುಂದೆ ನಿಂತಿರುವ ಆ ಎಂಟು ಜನ ಯಾರು ಅಂತ ಯಾವ ಆ್ಯಪ್‌ಗೂ ಗೊತ್ತಿಲ್ಲ, ಅಜ್ಜಿಗೆ ಗೊತ್ತು. ನಿಮ್ಮನೇಲೂ ಅಂಥವರೊಬ್ಬರು ಇದ್ದರೆ, ಈ ಭಾನುವಾರ ಕಾಫಿ ಹೊತ್ತಿಗೆ ಲ್ಯಾಪ್‌ಟಾಪ್ ತಗೊಂಡು ಅವರ ಪಕ್ಕ ಕೂತ್ಕೊಳ್ಳಿ. ಒಂದು ಕೆಂಪು ಫೋಲ್ಡರ್ ಹಸಿರಾದರೂ ಸಾಕು.