ಪಿಕಪ್ ವಾಹನಕ್ಕೆ ಬಾಳಿಕೆಯ ಪೆಟ್ಟಿಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಅನೇಕ ಬೇಸಾಯದ ಮನೆಗಳಲ್ಲಿ ಎತ್ತಿನ ಗಾಡಿಯ ಸ್ಥಾನಕ್ಕೆ ಪಿಕಪ್ ವಾಹನ ಬಂದಿದೆ. ಅದರ ಹಿಂಬದಿಗೆ ಪೆಟ್ಟಿಗೆ ಕೊಳ್ಳುವ ಮುನ್ನ ಬಂಧುಗಳು ಬೆಲೆಯೊಂದನ್ನೇ ನೋಡದೆ, ಒಳಗೇನು ಇಡುವೆವು, ವಾಹನ ಎಲ್ಲಿ ಓಡಾಡುವುದು ಎಂಬುದನ್ನು ವಿಚಾರಿಸಬೇಕು.

ತರಕಾರಿ, ಹಣ್ಣುಗಳಿಗೆ ಗಾಳಿಯಾಡುವ ಪ್ಲಾಸ್ಟಿಕ್ ಕ್ರೇಟುಗಳೇ ಲೇಸು. ನಾಗಮಂಗಲದ ಬೆದ್ದಲು ಸೀಮೆಯ ಬಿಸಿಲಿಗೆ ಕಳಪೆ ಪ್ಲಾಸ್ಟಿಕ್ ಬೇಗ ಪೆಡಸಾಗಿ ಒಡೆಯುವುದರಿಂದ ನೆರಳಿನಲ್ಲಿಡಿರಿ. ಸ್ಪ್ಯಾನರು, ಜಾಕು, ಪಂಪ್‌ಸೆಟ್ಟಿನ ಬಿಡಿಭಾಗಗಳಿಗೆ ಬೀಗವುಳ್ಳ ಲೋಹದ ಪೆಟ್ಟಿಗೆ ಬೇಕು. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಕೆಸರು, ತೇವಕ್ಕೆ ಕಬ್ಬಿಣದ ತಗಡು ತುಕ್ಕು ಹಿಡಿಯುತ್ತದೆ; ತಳದಲ್ಲಿ ನೀರು ಬಸಿಯಲು ರಂಧ್ರವಿರಲಿ. ಸತು ಲೇಪಿಸಿದ ತಗಡಾದರೂ ಬೆಸುಗೆ ಹಾಕಿದ, ರಂಧ್ರ ಕೊರೆದ ಕಡೆ ಲೇಪವಳಿಯುತ್ತದೆ. ಅಲ್ಲಿ ಬಣ್ಣ ಬಳಿಸಿರಿ. ಅಲ್ಯೂಮಿನಿಯಂ ಹಗುರವಾದರೂ ಕಬ್ಬಿಣಕ್ಕೆ ತಾಗುವೆಡೆ ತೇವದಿಂದ ಸವೆಯುತ್ತದೆ. ನಡುವೆ ರಬ್ಬರು ಕೊಡಿಸಿರಿ. ರಸಗೊಬ್ಬರದ ಲವಣವೂ ಲೋಹವನ್ನು ತಿನ್ನುವುದರಿಂದ ಸಾಗಿಸಿದ ದಿನವೇ ತೊಳೆದು ಒಣಗಿಸಬೇಕು.

ಭಾರದ ಪೆಟ್ಟಿಗೆಯನ್ನು ಚಾಲಕನ ಕೋಣೆಗೆ ಒತ್ತಾಗಿಟ್ಟು ಬೋಲ್ಟುಗಳಿಂದ ಬಿಗಿಸಿರಿ. ಹಗ್ಗ ಸಡಿಲಿ ರಸ್ತೆಗುರುಳಿದ ಪೆಟ್ಟಿಗೆ ಹಿಂದೆ ಬರುವ ಬೈಕ್ ಸವಾರನ ಪ್ರಾಣಕ್ಕೆರವಾದೀತು. ಪೆಟ್ಟಿಗೆಯ ತೂಕವೂ ವಾಹನದ ಹೊರೆಯ ಮಿತಿಯಲ್ಲಿ ಸೇರುವುದೆಂಬುದನ್ನು ಸರಕು ತುಂಬುವಾಗ ಮರೆಯದಿರಿ.