ಕಡಲಿಗೆ ಹೊರಟ ಮೊಮ್ಮಗಳು

ಮಾಯಕೊಂಡದ ಕಡೆಯ ಹಿರಿಯರೊಬ್ಬರು ನಮ್ಮಲ್ಲಿ ಒಂದು ಪ್ರಶ್ನೆಯನ್ನು ಇಟ್ಟಿದ್ದಾರೆ. ಪ್ರಾಣಿಶಾಸ್ತ್ರ ಓದುತ್ತಿರುವ ಅವರ ಮೊಮ್ಮಗಳು ಎರಡು ತಿಂಗಳು ಕಾರವಾರದಲ್ಲಿದ್ದು ಡಾಲ್ಫಿನ್‌ಗಳ ಕ್ಷೇತ್ರಕಾರ್ಯ ಕಲಿಯಬೇಕೆನ್ನುತ್ತಾಳೆ. ಸಂಬಳವಿಲ್ಲ. "ಮೆಕ್ಕೆಜೋಳ ಬೆಳೆಯುವವರ ಮನೆಯ ಹುಡುಗಿಗೆ ಕಡಲಿನ ಪ್ರಾಣಿಯಿಂದ ಆಗಬೇಕಾದುದೇನು, ಶಾಸ್ತ್ರಿಗಳೇ? ಕಳುಹಿಸೋಣವೇ, ಬೇಡವೇ?" ಎಂಬುದು ಅವರ ಮಾತು.

ಡಾಲ್ಫಿನ್ ಮೀನಲ್ಲ. ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡಿ, ಮರಿಗೆ ಹಾಲೂಡಿಸುವ ಸಸ್ತನಿ. ಕಾಳಿ ನದಿ ಕಡಲನ್ನು ಸೇರುವ ಕಾರವಾರದ ಅಳಿವೆಯ ಆಸುಪಾಸಿನಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ವಾಸಿಸುತ್ತವೆ. ಮೀನಿಗೆಂದು ಹಾಸಿದ ಬಲೆಯಲ್ಲಿ ಸಿಲುಕಿದ ಡಾಲ್ಫಿನ್ ಮೇಲೇಳಲಾರದೆ ಉಸಿರುಗಟ್ಟಿ ಸಾಯುತ್ತದೆ. ಒಂದು ಸಲಕ್ಕೆ ಬಹುಮಟ್ಟಿಗೆ ಒಂದೇ ಮರಿ ಹೆರುವುದರಿಂದ ಈ ನಷ್ಟ ಬೇಗನೆ ತುಂಬುವಂತಹುದಲ್ಲ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವುಗಳಿಗೆ ರಕ್ಷಣೆ ನೀಡಿದೆ. ಆದರೆ ಎಷ್ಟಿವೆಯೆಂಬುದನ್ನು ಅರಿಯದೆ ರಕ್ಷಿಸುವುದೆಂತು?

ವಿದ್ಯಾರ್ಥಿಗಳ ದುಡಿಮೆ ಇಲ್ಲಿಯೇ ಬೇಕಾಗುತ್ತದೆ. ಗೊತ್ತುಪಡಿಸಿದ ಹಾದಿಯಲ್ಲಿ ದೋಣಿ ಸಾಗುವಾಗ ಅವರು ದುರ್ಬೀನು ಹಿಡಿದು ನೋಡುತ್ತಾರೆ. ಕಂಡ ಹೊತ್ತು, ಸ್ಥಳ, ಗುಂಪಿನ ಸಂಖ್ಯೆ, ಮರಿಗಳು, ಕಡಲಿನ ಸ್ಥಿತಿ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಏನೂ ಕಾಣದ ದಿನವನ್ನೂ "ಕಾಣಲಿಲ್ಲ" ಎಂದು ದಾಖಲಿಸಲೇಬೇಕು. ಬೆನ್ನಿನ ರೆಕ್ಕೆಯ ಕಚ್ಚು, ಕಲೆಗಳ ಛಾಯಾಚಿತ್ರ ತೆಗೆದು, ಸಂಜೆ ಕುಳಿತು ಹಳೆಯ ಚಿತ್ರಗಳೊಡನೆ ಹೋಲಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸುತ್ತಾರೆ. 1970ರ ದಶಕದಲ್ಲಿ ಕೆನಡಾದ ಮೈಕೆಲ್ ಬಿಗ್ ಮತ್ತು ಸಂಗಡಿಗರು ಇದೇ ಕ್ರಮದಿಂದ ಓರ್ಕಾಗಳನ್ನು ಎಣಿಸಿದಾಗ, ಸಾವಿರಾರು ಇರಬಹುದೆಂಬ ಊಹೆ ಸುಳ್ಳಾಗಿ, ಕೆಲವೇ ನೂರು ಇರುವುದು ತಿಳಿದುಬಂತು. ತಾಳ್ಮೆಯ ಎಣಿಕೆಯ ಫಲ ಇಂತಹುದು. ಬೆಸ್ತರ ಮನೆಗಳಿಗೆ ಹೋಗಿ ಅವರ ಅನುಭವವನ್ನು ವಿನಯದಿಂದ ಕೇಳುವುದೂ ಈ ಕಲಿಕೆಯ ಭಾಗವೇ.

ಆದರೂ ಹಿರಿಯರ ಅಂಜಿಕೆಯನ್ನು ನಾವು ಹಗುರವಾಗಿ ಕಾಣಲಾರೆವು. ಕರೆದವರೆಲ್ಲ ಗುರುಗಳಲ್ಲ, ಕಲಿಸುವ ಹೆಸರಿನಲ್ಲಿ ಹಣ ಕೀಳುವವರೂ ಉಂಟು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಕರೆದವರು ಎಂತಹವರೆಂದು ಇಂತಹ ಕಡೆ ವಿಚಾರಿಸಬಹುದು. ಮಾರ್ಗದರ್ಶಕರು ಯಾರು, ಹೆಣ್ಣುಮಕ್ಕಳಿಗೆ ವಸತಿ ಎಲ್ಲಿ, ಊಟದ ವೆಚ್ಚ ಯಾರದು, ದೋಣಿಯಲ್ಲಿ ಜೀವರಕ್ಷಕ ಜಾಕೀಟು ಉಂಟೇ, ವಿಮೆ ಉಂಟೇ ಎಂಬುದನ್ನೆಲ್ಲ ಬರಹದಲ್ಲಿಯೇ ಪಡೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಕಡಲೂ ಕೆರಳಿರುತ್ತದೆ. ಆ ದಿನಗಳಲ್ಲಿ ಕರೆದರೆ, ಕೆಲಸ ದೋಣಿಯ ಮೇಲೋ ದಡದಲ್ಲೋ ಎಂದು ಕೇಳಲೇಬೇಕು. ಸತ್ತು ದಡಕ್ಕೆ ಬಂದ ಪ್ರಾಣಿಯನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮುಟ್ಟಕೂಡದೆಂದು ಮೊಮ್ಮಗಳಿಗೂ ತಿಳಿಸಿರಿ.

ಸಂಬಳವಿಲ್ಲದಿರುವುದು ಎಲ್ಲ ಮನೆಗಳಿಗೂ ಒಂದೇ ಭಾರವಲ್ಲ. ಉಳ್ಳವರ ಮಕ್ಕಳು ಮಾತ್ರ ಕಲಿಯುವಂತಾದರೆ ವಿದ್ಯೆಗೇ ಕುಂದು. ಅನುಕೂಲವಿದ್ದ ಮನೆತನಗಳು ಒಬ್ಬ ವಿದ್ಯಾರ್ಥಿಯ ಎರಡು ತಿಂಗಳ ಊಟ, ವಸತಿಯ ವೆಚ್ಚ ವಹಿಸಿಕೊಂಡರೆ ಅದೂ ದಾಸೋಹವೇ ಎಂಬುದು ನಮ್ಮ ಅಭಿಮತ.

ಇನ್ನು ನಮ್ಮ ಸೀಮೆಗೆ ಇದರಿಂದ ಆಗುವುದೇನು? ಹರಿಹರದ ಮುಂದೆ ಹರಿಯುವ ತುಂಗಭದ್ರೆಯನ್ನೇ ನೋಡಿರಿ. ಕೆಳಗೆ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಸಾರಲಾಗಿದೆ. ನೀರುನಾಯಿಯೂ ಸಸ್ತನಿಯೇ, ಅದಕ್ಕೂ ಬಲೆಯ ಭಯ ಉಂಟು, ಅದನ್ನೂ ಕಾದು ಕುಳಿತು ಎಣಿಸಬೇಕು. ಕಡಲಿನಲ್ಲಿ ಪಳಗಿದ ಕಣ್ಣು ಹೊಳೆಗೂ ಒದಗುತ್ತದೆ. ಕೇಳಬೇಕಾದುದನ್ನು ಕೇಳಿ, ಉತ್ತರ ಸಮಾಧಾನಕರವಾಗಿದ್ದರೆ, ಹರಸಿ ಕಳುಹಿಸಿರಿ.