ನಸುಕಿನ ಪಾಠ

ಕಳೆದ ಸಂಚಿಕೆಯಲ್ಲಿ ಭಾಟಘರದ ಅಣೆಕಟ್ಟಿನ ವಿಚಾರ ಬರೆದು, ಮುಂದಿನ ಸಲ ನಮ್ಮ ಭೋರಿನ ರಾಜವಾಡೆಯ ಸುದ್ದಿ ಹೇಳುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆ. ಆ ಮಾತು ಈ ಸಲ ನಡೆಯಲಿಲ್ಲ, ಕ್ಷಮಿಸಬೇಕು. ಅಡ್ಡ ಬಂದವಳು ನನ್ನ ಎಂಟು ವರ್ಷದ ಮಗಳು.

ಮಗಳು ಇಲ್ಲಿಯ ಮರಾಠಿ ಶಾಲೆಯಲ್ಲಿ ಮೂರನೆಯ ಇಯತ್ತೆ ಓದುತ್ತಾಳೆ. ಮನೆಯಲ್ಲಿ ಮಾತೆಲ್ಲ ಕನ್ನಡವೇ. ಆದರೆ ಕನ್ನಡ ಪುಸ್ತಕ ಕೈಗೆ ಕೊಟ್ಟರೆ ಚಿತ್ರ ನೋಡಿ ಮುಚ್ಚಿಡುತ್ತಾಳೆ. ಕಚೇರಿಯಿಂದ ಬಂದ ಮೇಲೆ ಅಕ್ಷರ ಕಲಿಸುತ್ತೇನೆಂದು ನಾನು ಎರಡು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಗುಮಾಸ್ತನ ಮನೆಯಲ್ಲಿಯೂ ಕಡತ ಬಾಕಿ ಬೀಳುತ್ತದೆ, ನೋಡಿ. ಕೊನೆಗೆ ಹೋದ ತಿಂಗಳು ನಮ್ಮ ಮನೆಯಾಕೆ, "ನಿಮ್ಮನ್ನ ನಂಬಿ ಕೂತರ ಅಕಿ ಲಗ್ನಾದ ಮ್ಯಾಲೆ ಅ ಆ ಇ ಈ ಕಲೀತಾಳ, ಬಿಡ್ರಿ" ಎಂದು ತಾನೇ ಆ ಕೆಲಸ ಹಿಡಿದಳು. ಆಕೆಗೆ ಬಿಡುವು ಎಂಬುದು ಬೆಳಗಿನ ಐದರಿಂದ ನಳದಲ್ಲಿ ನೀರು ಬರುವ ತನಕ ಮಾತ್ರ. ಆಗ ಮಗುವನ್ನು ಎಬ್ಬಿಸಿ ಅಡಿಗೆಮನೆಯಲ್ಲಿ ಪಕ್ಕಕ್ಕೆ ಕೂಡಿಸಿಕೊಳ್ಳುತ್ತಾಳೆ. "ಏಳವ್ವಾ, ನನ್ನ ಬಂಗಾರಾ, ಏಳು" ಎಂದು ರಮಿಸುವ ದನಿ ಹೊದಿಕೆಯೊಳಗಿದ್ದ ನನ್ನ ಕಿವಿಗೂ ಬೀಳುತ್ತದೆ. ಒಂದು ದಿನ ಹಾಗೆ ಕೇಳುತ್ತ ಮಲಗಿದ್ದಾಗ ನೆನಪಾದವರು ಪಂಡಿತಾ ರಮಾಬಾಯಿ.

ಪುಣೆ ಜಿಲ್ಲೆಯಲ್ಲಿ ನೆಲೆಸಿದ ನಮ್ಮವರಿಗೆ ಈ ಹೆಸರು ಹೊಸದಲ್ಲ. ದೌಂಡಿನ ಗಾಡಿ ಕೇಡಗಾಂವ್ ಸ್ಟೇಶನ್ನಿಗೆ ಬಂದಾಗ ಯಾರಾದರೊಬ್ಬರು ರಮಾಬಾಯಿಯವರ ಮುಕ್ತಿ ಮಿಶನ್ನಿನ ಮಾತು ತೆಗೆಯುತ್ತಾರೆ. ಆದರೆ ಆಕೆ ಹುಟ್ಟಿದ್ದು ನಮ್ಮ ನಾಡಿನಲ್ಲಿ ಎಂಬುದು ಎಷ್ಟೋ ಜನರಿಗೆ ತಿಳಿಯದು. 1858ರ ಏಪ್ರಿಲ್ ತಿಂಗಳಲ್ಲಿ, ತುಂಗೆ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಜನನ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳದವರು. ಮನೆಮಾತು ಮರಾಠಿ, ನೆಲದ ಮಾತು ಕನ್ನಡ. ನಮ್ಮದು ಇದರ ತಿರುವುಮುರುವು, ಅಷ್ಟೇ.

ಶಾಸ್ತ್ರಿಗಳು ಪುಣೆಯಲ್ಲಿ ಓದುತ್ತಿದ್ದಾಗ ಅವರ ಗುರುಗಳು ಅರಮನೆಗೆ ಹೋಗಿ ಪೇಶವೆಯ ಹೆಂಡತಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಅದನ್ನು ಕಂಡ ಶಿಷ್ಯನಿಗೆ ತನ್ನ ಹೆಂಡತಿಗೂ ಕಲಿಸಬೇಕೆಂಬ ಹಟ ಹುಟ್ಟಿತು. ಜನ ಸುಮ್ಮನಿರಲಿಲ್ಲ, ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು ಶಾಸ್ತ್ರದ ಆಧಾರ ತೋರಿಸಿ ಉತ್ತರ ಕೊಡಬೇಕಾಯಿತು. ಹಾಗೆ ಕಲಿತ ಹೆಂಡತಿಯೇ ಲಕ್ಷ್ಮೀಬಾಯಿ. ರಮಾ ಕೈಗೂಸಾಗಿದ್ದಾಗಲೇ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿದ್ದರಂತೆ. ಮಗಳಿಗೆ ಕಲಿಯುವ ವಯಸ್ಸು ಬಂದಾಗ ತಂದೆಗೆ ಮುಪ್ಪು. ಭಾರ ತಾಯಿಯ ಮೇಲೆ ಬಿತ್ತು. ತಾಯಿಗೋ ಹಗಲೆಲ್ಲ ಕೆಲಸ. ಆದ್ದರಿಂದ ಹೊತ್ತು ಹುಟ್ಟುವ ಮೊದಲೇ ನೆಲದ ಹಾಸಿಗೆಯಿಂದ ನಿದ್ದೆಗಣ್ಣಿನ ಮಗುವನ್ನೆತ್ತಿ, ಮುದ್ದುಮಾತಿನಿಂದ ಎಚ್ಚರಿಸಿ, ಹಕ್ಕಿಗಳು ಕೂಗುತ್ತಿರುವಾಗ ಪಾಠ ಹೇಳುತ್ತಿದ್ದಳು. ಪುಸ್ತಕವೆಂದರೆ ತಾಯಿಯ ಬಾಯಿಯೇ. ಭಾಗವತದ ಶ್ಲೋಕಗಳು ಸಾವಿರಗಟ್ಟಲೆ ಹೀಗೆ ಕಂಠಸ್ಥವಾದವು. ಊರೂರು ತಿರುಗುವಾಗ ಕನ್ನಡ, ಹಿಂದುಸ್ತಾನಿಗಳೂ ನಾಲಗೆಗೆ ಹತ್ತಿದವು.

1870ರ ದಶಕದ ಬರದಲ್ಲಿ ಈ ಸಂಸಾರ ಒಡೆಯಿತು. ಮೊದಲು ತಂದೆ, ಕೆಲವೇ ತಿಂಗಳಲ್ಲಿ ತಾಯಿ. ತಾಯಿಯ ಹೆಣ ಹೊರಲು ಬಂದವರು ಇಬ್ಬರೇ. ಮೂರನೆಯವನು ಅಣ್ಣ, ನಾಲ್ಕನೆಯವಳು ರಮಾ. ಗಿಡ್ಡ ಆಳಾದ್ದರಿಂದ ಆಕೆ ಚಟ್ಟವನ್ನು ತಲೆಯ ಮೇಲೆ ಹೊತ್ತಳು. ಪಾಠ ಹೇಳಿದ ತಾಯಿಯನ್ನು ಹಾಗೆ ಹೊತ್ತುಕೊಂಡು ಹೋದವಳಿಗೆ ಆಗ ಹದಿಹರೆಯ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಆಕೆಯ ಸಂಸ್ಕೃತ ಕೇಳಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. 1880ರಲ್ಲಿ ಒಬ್ಬ ಬಂಗಾಲಿ ವಕೀಲರೊಡನೆ ಮದುವೆ, ಮರುವರ್ಷ ಮನೋರಮಾ ಎಂಬ ಮಗಳು, 1882ರಲ್ಲಿ ವೈಧವ್ಯ. ಆ ಅಲ್ಪಕಾಲದ ಸಂಸಾರ ನಡೆದ ಸಿಲ್ಚರಿನ ಮನೆಯಲ್ಲಿಯೇ ಲೂಕನ ಸುವಾರ್ತೆಯ ಬಂಗಾಲಿ ಪ್ರತಿಯೊಂದು ಆಕೆಯ ಕೈಗೆ ಸಿಕ್ಕಿತ್ತು. ಓದುವ ಚಟದವರು ಎದುರಿಗೆ ಬಂದುದನ್ನು ಬಿಡುವುದಿಲ್ಲವಷ್ಟೆ. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಮತ ಬದಲಾದ ಮಾತ್ರಕ್ಕೆ ಆಕೆ ಹೇಳಿದ್ದಕ್ಕೆಲ್ಲ ಹೂಂಗುಟ್ಟಲಿಲ್ಲ. ಅಲ್ಲಿಯೂ ಊಟ ಶಾಕಾಹಾರವೇ. ಧರಿಸಲು ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ನನ್ನ ದೇಶದ ಹೆಂಗಸರಿಗೆ ಅದು ತಿಳಿಯದು, ಸಂಸ್ಕೃತವಿರಲಿ ಎಂದು ವಾದಿಸಿದರು. ಮಗುವಿಗೆ ಧರ್ಮದ ವಿಷಯ ಏನು ಕಲಿಸಬೇಕು, ಯಾರು ಕಲಿಸಬೇಕು ಎಂಬುದರ ಬಗ್ಗೆ ಸಿಸ್ಟರ್ ಜೆರಾಲ್ಡೀನ್ ಎಂಬವರೊಡನೆ ಕಾಗದದಲ್ಲಿಯೇ ಜಟಾಪಟಿ ನಡೆಯಿತು. ಆ ಪತ್ರಗಳು 1977ರಲ್ಲಿ ಪುಸ್ತಕವಾಗಿ ಅಚ್ಚಾಗಿವೆ. ಕಿವಿ ಮಂದವಾಗಿದ್ದರಿಂದ ವೈದ್ಯ ವಿದ್ಯೆಯ ಆಸೆಯನ್ನು ಅಲ್ಲಿ ಬಿಡಬೇಕಾಯಿತು. ತಾಯಿಯ ದನಿಯಿಂದ ಕಲಿತವರಿಗೆ ಇನ್ನು ಅಚ್ಚಿನ ಅಕ್ಷರವೇ ಆಸರೆ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಅಲ್ಲಿ ಧರ್ಮಬೋಧೆ ಇಲ್ಲವೆಂದು ಮೊದಲೇ ಮಾತಾಗಿತ್ತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದರು. ಬಾಗಿಲು ಮಾತ್ರ ಮುಚ್ಚುತ್ತಿರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕುಳಿತರು. 1893ರಲ್ಲಿ ಗದ್ದಲವೆದ್ದಿತು. 'ಕೇಸರಿ' ಪತ್ರಿಕೆ ಟೀಕಿಸಿತು, ಪಾಲಕರು ಹೆಣ್ಣುಮಕ್ಕಳನ್ನು ಕರೆದೊಯ್ದರು. ನಂಬಿ ಕಳಿಸಿದವರ ಅಂಜಿಕೆ ಸುಳ್ಳೆಂದು ನಾನು ಹೇಳಲಾರೆ. ಆದರೆ ತನ್ನ ಮಗಳೊಡನೆ ದೇವರ ಹೆಸರು ಹೇಳುವಾಗ ಬಾಗಿಲು ಹಾಕಿಕೋ ಎಂದರೆ ನಮ್ಮ ತಾಯಂದಿರಲ್ಲಿ ಎಷ್ಟು ಜನ ಕೇಳಿಯಾರು? ಈ ಎರಡನ್ನೂ ತೂಗಿ ತೂಗಿ ನಾನು ಇನ್ನೂ ತೀರ್ಪು ಕೊಟ್ಟಿಲ್ಲ.

ನನ್ನ ಮನಸ್ಸನ್ನು ಬಹಳ ಹಿಡಿದದ್ದು ಕೇಡಗಾಂವದ ಮಾತು. 1896–97ರ ಬರದಲ್ಲಿ ಮಧ್ಯಪ್ರಾಂತಗಳಿಂದ ಅನಾಥ ಹುಡುಗಿಯರನ್ನು ತಂದು ಅಲ್ಲಿಯ ಹೊಲದಲ್ಲಿ ಇಳಿಸಿದರು. ಅದೇ ಮುಕ್ತಿ. ಸಾವಿರಕ್ಕೂ ಮೀರಿದ ಬಾಯಿಗಳು. ನೇಯ್ಗೆ, ಗಾಣ, ಹೈನು, ಬೇಸಾಯ ಎಲ್ಲವೂ ಹೆಂಗಸರ ಕೈಯಲ್ಲಿ. ಕುರುಡು ಹುಡುಗಿಯರಿಗೂ ಉಬ್ಬಕ್ಷರದ ಓದು. ಇಷ್ಟರ ನಡುವೆ ರಮಾಬಾಯಿಯವರು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಮರಾಠಿಗೆ ತರಲು ಕುಳಿತರು. ಇದ್ದ ಮರಾಠಿ ಬೈಬಲ್ಲಿನ ಸಂಸ್ಕೃತ ಪದಗಳು ತನ್ನ ಹಳ್ಳಿಯ ಹುಡುಗಿಯರಿಗೆ ಅರ್ಥವಾಗವು ಎಂಬುದೇ ಕಾರಣ. ಶಿಲುಬೆಯ ಮೇಲೆ ಸಂಸ್ಕೃತ ಬೇಕೆಂದವರೂ ಇವರೇ, 'ಸರಸ್ವತಿ' ಎನಿಸಿಕೊಂಡವರೂ ಇವರೇ. ಓದುವ ಹುಡುಗಿಯ ಮುಖ ನೋಡಿ ಅದನ್ನು ಪಕ್ಕಕ್ಕಿಟ್ಟರು. ಅನುವಾದ ಮೂಲಕ್ಕೆ ತೀರ ಅಂಟಿಕೊಂಡು ಒರಟಾಗಿದೆ ಎಂದು ಬಲ್ಲವರು ಆಕ್ಷೇಪಿಸಿದ್ದುಂಟು, ಇರಲಿ. ಮೊಳೆ ಜೋಡಿಸಿ ಅಚ್ಚು ಹಾಕಿದವರು ಆಶ್ರಮದ ಹೆಣ್ಣುಮಕ್ಕಳೇ.

ಮನೋರಮಾ ಬಿ.ಎ. ಓದಿ ತಾಯಿಯ ಬಲಗೈಯಾದಳು. 1912ರಲ್ಲಿ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಶಾಲೆ ತೆಗೆದಾಗಲೂ ಮುಂದೆ ನಿಂತವಳು ಅವಳೇ. ತಾಯಿ ಹುಟ್ಟಿದ ಕನ್ನಡ ನೆಲಕ್ಕೆ ಮಗಳು ಹಾಗೆ ಮರಳಿ ಹೋದಳು. 1921ರ ಜುಲೈ ತಿಂಗಳಲ್ಲಿ, ನಾಲ್ವತ್ತನೆಯ ವಯಸ್ಸಿನಲ್ಲಿ ಅವಳು ತೀರಿಕೊಂಡಳು. ತಾಯಿ ಅನುವಾದದ ಕೆಲಸ ಬಿಡಲಿಲ್ಲ. ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಇಡೀ ಗ್ರಂಥ ಅಚ್ಚಾಗಿ ಹೊರಬಂದದ್ದು 1924ರಲ್ಲಿ.

ಇದನ್ನೆಲ್ಲ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮನೆಯಾಕೆಗೆ ಹೇಳಿದೆ. ಹೊಗಳಿದಂತೆಯೂ ಆಗಲಿ ಎಂಬ ಆಸೆ ನನಗೆ. ಆಕೆ ಚಪಾತಿ ತಿರುವುತ್ತ ಎಲ್ಲ ಕೇಳಿ, "ಅಲ್ರೀ, ಆ ತಾಯಿ ಪಾಠಾ ಹೇಳೂ ಹೊತ್ತಿಗೆ ನೀರು ಯಾರು ತರ್ತಿದ್ರು?" ಎಂದು ಕೇಳಿದಳು.

ಅದು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಮರುದಿನದಿಂದ ನಳದ ಹತ್ತಿರ ಕೊಡ ಹಿಡಿದು ನಿಲ್ಲುವವನು ನಾನು. ಪಾಠ ಅರ್ಧ ತಾಸು ಹೆಚ್ಚು ನಡೆಯುತ್ತದೆ. ಮಗಳು ಒತ್ತಕ್ಷರಕ್ಕೆ ಬಂದಿದ್ದಾಳೆ. 'ಅಕ್ಕ' ಬಂತು, 'ಅಜ್ಜಿ' ಬಂತು, 'ಕಷ್ಟ' ಎಂಬಲ್ಲಿ ಎರಡು ದಿನದಿಂದ ನಿಂತಿದ್ದಾಳೆ. ರಾಜವಾಡೆಯ ವಿಷಯ ಬರುವ ಸಂಚಿಕೆಗೆ.